ಜೀವಕ್ಕೆ ಲೆಕ್ಕ ಬರೆಯಬಹುದೆ?

ಈ ವರ್ಷ ನಮ್ಮ ಕಾಲೇಜಿನ ಚರ್ಚಾಸಂಘದವರು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ “ಮನುಷ್ಯನ ಜೀವಕ್ಕೆ ಬೆಲೆ ಕಟ್ಟುವುದು ಅಧರ್ಮ” ಎಂಬ ವಿಷಯವನ್ನಿಟ್ಟಿದ್ದರು. ನಾನು ವಿಷಯದ ಪರವಾಗಿ ಮಾತನಾಡಿದೆ. ಆಸ್ಪತ್ರೆಯ ಬಾಗಿಲಲ್ಲಿ ತಕ್ಕಡಿ ಹಿಡಿದು ನಿಂತ ಅರ್ಥಶಾಸ್ತ್ರಜ್ಞನನ್ನು ಕಟುಕನಿಗೆ ಹೋಲಿಸಿದೆ. ಸಭೆಯಲ್ಲಿ ಚಪ್ಪಾಳೆಯಾಯಿತು, ಎರಡನೆಯ ಬಹುಮಾನವೂ ಬಂತು. ಆದರೆ ಅಂದು ಆಡಿದ ಮಾತುಗಳನ್ನು ಇಂದು ನಾನು ಹಿಂತೆಗೆದುಕೊಳ್ಳಬೇಕಾಗಿದೆ. ವೇದಿಕೆಯ ಮೇಲೆ ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಕಾಲೇಜಿನ ವಾರ್ಷಿಕ ಸಂಚಿಕೆಗಿಂತ ತಕ್ಕ ಸ್ಥಳ ಬೇರೊಂದಿಲ್ಲವೆಂದು ತಿಳಿದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನನ್ನ ಮನಸ್ಸು ಬದಲಾದದ್ದು ದೀಪಾವಳಿಯ ರಜೆಯಲ್ಲಿ. ದೊಡ್ಡಪ್ಪನ ಮನೆಯ ಅಟ್ಟ ಗುಡಿಸುತ್ತಿದ್ದಾಗ ಒಂದು ಹಳೆಯ ಲೆಕ್ಕದ ಪುಸ್ತಕ ಕೈಗೆ ಸಿಕ್ಕಿತು. ದೊಡ್ಡಮ್ಮ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಅವರ ಕಾಯಿಲೆಯ ಕಾಲದಲ್ಲಿ ದೊಡ್ಡಪ್ಪ ಬರೆದಿಟ್ಟ ಖರ್ಚಿನ ಪುಸ್ತಕವದು. ಔಷಧಿಯ ಬಾಬತ್ತಿನಲ್ಲಿ ಬರೆದದ್ದು ಅತ್ಯಲ್ಪ. ಚಿಕಿತ್ಸೆಯೆಲ್ಲ ಸರ್ಕಾರದ ಕಾರ್ಡಿನ ಮೇಲೆ ನಡೆದಿತ್ತು. ಉಳಿದ ಪುಟಗಳ ತುಂಬ ಇದ್ದದ್ದು ಬೇರೆಯೇ: ಬಸ್ಸಿನ ಛಾರ್ಜು, ಆಸ್ಪತ್ರೆಯ ಬಳಿಯ ಬಾಡಿಗೆ ಕೋಣೆ, ಎಳನೀರು, ಎರಡು ಹೊತ್ತಿನ ಊಟ, ಹೊಲ ನೋಡಿಕೊಂಡ ಆಳಿನ ಕೂಲಿ, ಮಾರಿದ ಹಸುವಿನಿಂದ ಬಂದ ಹಣ. ಈ ಕಾಯಿಲೆ ಸ್ವಲ್ಪ ಬಲಿತ ಮೇಲೆ ವಾರಕ್ಕೆ 5 ದಿನದಂತೆ ಸುಮಾರು 5 ವಾರ ವಿಕಿರಣ ಚಿಕಿತ್ಸೆ, ಅದರೊಡನೆ ಔಷಧಿಯ ಚುಚ್ಚುಮದ್ದು, ಆಮೇಲೆ ಗರ್ಭಕೋಶದೊಳಗಿಡುವ ವಿಕಿರಣ ಇವೆಲ್ಲ ಆಗಬೇಕು. ಹಳ್ಳಿಯ ಸಂಸಾರವೊಂದು ಎರಡು ತಿಂಗಳ ಕಾಲ ಪಟ್ಟಣದಲ್ಲಿ ಬಿಡಾರ ಹೂಡಬೇಕೆಂದೇ ಇದರ ಅರ್ಥ.

ಪುಸ್ತಕದಲ್ಲಿ ಬರೆದಿರದ ಒಂದು ಸಂಗತಿ ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು. ರೋಗ ಪತ್ತೆಯಾಗುವುದಕ್ಕೆ ಎರಡು ವರ್ಷ ಮುಂಚೆ ದೊಡ್ಡಮ್ಮ ಒಂದು ಸಲ ಹತ್ತಿರದ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡಿದ್ದರು. ಫಲಿತಾಂಶಕ್ಕೆ ಹದಿನೈದು ದಿನ ಬಿಟ್ಟು ಬನ್ನಿರೆಂದು ಹೇಳಿ ಕಳಿಸಿದ್ದರು. ಆಗ ಕಡಲೆಕಾಯಿಯ ಕಳೆ ಕೀಳುವ ಕಾಲ. ಮೇಲಾಗಿ ಯಾವ ಕಾಯಿಲೆಗೆ ಹೋಗುತ್ತಿದ್ದೇನೆಂದು ಮನೆಯ ಗಂಡಸರಿಗೆ ಹೇಳುವ ಸಂಕೋಚ. ಅವರು ಮತ್ತೆ ಹೋಗಲಿಲ್ಲ. ಹೋಗಿದ್ದರೆ ತಗಲುತ್ತಿದ್ದದ್ದು ಒಂದು ದಿನದ ಕೂಲಿ ಮತ್ತು ಬಸ್ಸಿನ ಛಾರ್ಜು. ಹೋಗದಿದ್ದುದಕ್ಕೆ ತಗಲಿದ್ದು ಆ ಪುಸ್ತಕದ ತುಂಬ ಇದೆ. ಪುಸ್ತಕದ ಹೊರಗೂ ಇದೆ.

ಅಂದಿನಿಂದ ಕಾಲೇಜಿನ ವಾಚನಾಲಯದಲ್ಲಿ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಾನು ಅಧರ್ಮವೆಂದು ಕರೆದಿದ್ದ ಶಾಸ್ತ್ರಕ್ಕೆ ಆರೋಗ್ಯ ಅರ್ಥಶಾಸ್ತ್ರವೆಂದು ಹೆಸರು. ಅದರ ಕೆಲಸ ಸರಳವಾದದ್ದು. ಒಂದು ರೋಗವನ್ನು ತಡೆಯಲು ನಾಲ್ಕು ದಾರಿಗಳಿದ್ದರೆ, ಒಂದೊಂದು ದಾರಿಯಲ್ಲಿಯೂ ಎಷ್ಟು ಹಣ ಹೋಗುತ್ತದೆ, ಎಷ್ಟು ವರ್ಷದ ಆಯುಷ್ಯ ಉಳಿಯುತ್ತದೆ ಎಂದು ಲೆಕ್ಕ ಮಾಡಿ ಪಕ್ಕಪಕ್ಕದಲ್ಲಿಟ್ಟು ತೋರಿಸುವುದು. ಬೊಕ್ಕಸದ ಹಣ ಅಪಾರವಾಗಿದ್ದರೆ ಈ ಲೆಕ್ಕ ಬೇಕಾಗುತ್ತಿರಲಿಲ್ಲ. ಒಂದು ಕಡೆ ಹಾಕಿದ ರೂಪಾಯಿ ಇನ್ನೊಂದು ಕಡೆಗೆ ಇಲ್ಲವಾಗುವುದರಿಂದಲೇ ಲೆಕ್ಕ ಬೇಕಾಗಿದೆ.

ಇದಕ್ಕೆ ಅವರು ಕಟ್ಟುವ ಗಣಿತದ ಚೌಕಟ್ಟಿಗೆ ಮಾದರಿಯೆಂದು ಹೆಸರು. ಗರ್ಭಕಂಠದ ಕ್ಯಾನ್ಸರು ಒಂದೇ ದಿನದಲ್ಲಿ ಬರುವ ರೋಗವಲ್ಲ. ಎಚ್.ಪಿ.ವಿ. ಎಂಬ ವೈರಸ್ಸು ತಗಲಿ, ಹೋಗದೆ ನೆಲೆಯೂರಿ, ಜೀವಕೋಶಗಳು ಕೆಟ್ಟು, ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಈ ವೈರಸ್ಸಿಗೂ ಈ ರೋಗಕ್ಕೂ ಇರುವ ನಂಟನ್ನು ಕಂಡುಹಿಡಿದುದಕ್ಕಾಗಿ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮಾದರಿಯಲ್ಲಿ ಲಕ್ಷ ಜನ ಕಲ್ಪಿತ ಹೆಂಗಸರನ್ನು ಈ ಮೆಟ್ಟಿಲುಗಳ ಮೇಲೆ ವರ್ಷ ವರ್ಷವೂ ನಡೆಸುತ್ತಾರೆ. ಈ ವರ್ಷ ಆರೋಗ್ಯವಾಗಿದ್ದವಳು ಮುಂದಿನ ವರ್ಷ ಹಾಗೆಯೇ ಉಳಿಯುವ ಸಂಭವವೆಷ್ಟು, ಸೋಂಕು ತಗಲುವ ಸಂಭವವೆಷ್ಟು, ಪರೀಕ್ಷೆಯಾದರೆ ಯಾವ ಮೆಟ್ಟಿಲಿನಿಂದ ಹಿಂದಕ್ಕೆ ಬರುತ್ತಾಳೆ ಎಂದು ನೋಡುತ್ತಾರೆ. ಇಂಥ ಸಂಭವಗಳ ಸರಪಣಿಗೆ ರಷ್ಯದ ಗಣಿತಜ್ಞ ಮಾರ್ಕೋವನ ಹೆಸರಿದೆ. ಕಲಾ ವಿಭಾಗದ ಮಿತ್ರರಿಗೆ ಸಂತೋಷವಾಗುವ ಸಂಗತಿಯೆಂದರೆ, 1913ರಲ್ಲಿ ಆತ ಈ ಸರಪಣಿಯನ್ನು ಪರೀಕ್ಷಿಸಿ ನೋಡಿದ್ದು ಪುಷ್ಕಿನ್ ಕವಿಯ ‘ಯೆವ್ಗೆನಿ ಒನೇಗಿನ್’ ಕಾವ್ಯದ 20,000 ಅಕ್ಷರಗಳಲ್ಲಿ ಸ್ವರ ಎಷ್ಟು, ವ್ಯಂಜನ ಎಷ್ಟು, ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ಎಣಿಸಿ! ಕಾವ್ಯದಲ್ಲಿ ಹುಟ್ಟಿದ ಲೆಕ್ಕ ಇಂದು ಆಸ್ಪತ್ರೆಯ ಕೆಲಸಕ್ಕೆ ಬಂದಿದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. 2005ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸ್ಯೂ ಗೋಲ್ಡಿ ಮತ್ತು ಅವರ ಸಂಗಡಿಗರು ಭಾರತ, ಕೀನ್ಯಾ, ಪೆರು, ದಕ್ಷಿಣ ಆಫ್ರಿಕ, ಥಾಯ್ಲೆಂಡ್ ಈ ಐದು ದೇಶಗಳಿಗೆ ಇಂಥ ಮಾದರಿ ಕಟ್ಟಿದರು. ಹೆಂಗಸೊಬ್ಬಳನ್ನು ಜೀವಮಾನದಲ್ಲಿ ಒಂದೇ ಸಲ, 35ನೆಯ ವಯಸ್ಸಿನಲ್ಲಿ, ವಿನೆಗರಿನ ಹುಳಿಯಾದ ಅಸೆಟಿಕ್ ಆಮ್ಲವನ್ನು ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆಯಿಂದಲೋ ವೈರಸ್ಸಿನ ಪರೀಕ್ಷೆಯಿಂದಲೋ ತಪಾಸಣೆ ಮಾಡಿದರೂ ಆಕೆಗೆ ಈ ಕ್ಯಾನ್ಸರು ಬರುವ ಸಂಭವ ನೂರಕ್ಕೆ 25ರಿಂದ 36ರಷ್ಟು ತಗ್ಗುವುದೆಂದು ಅವರ ಲೆಕ್ಕ ತೋರಿಸಿತು. ಉಳಿದ ಒಂದೊಂದು ವರ್ಷದ ಆಯುಷ್ಯಕ್ಕೂ ತಗಲುವ ವೆಚ್ಚ ಬಡದೇಶಗಳೂ ಭರಿಸಬಲ್ಲಷ್ಟು ಕಡಿಮೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಈ ಅಂಕಿಗಳಲ್ಲ. ಅವರ ಇನ್ನೊಂದು ತೀರ್ಮಾನ. ಕಡಿಮೆ ಹಣದಲ್ಲಿ ಹೆಚ್ಚು ಜೀವ ಉಳಿಸಿದ ಕ್ರಮಗಳೆಂದರೆ, ಹೆಂಗಸು ಆಸ್ಪತ್ರೆಗೆ ಅತಿ ಕಡಿಮೆ ಸಲ ಬರಬೇಕಾದ ಕ್ರಮಗಳು.

ಇದು ಹೇಗೆಂದು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ರೋಗದ ಮುನ್ಸೂಚನೆಯಿರುವ 100 ಹೆಂಗಸರಿದ್ದಾರೆನ್ನಿ. ಮೊದಲನೆಯ ಪರೀಕ್ಷೆ ಬಹಳ ಸೂಕ್ಷ್ಮವಾದುದು. 90 ಮಂದಿಯಲ್ಲಿ ದೋಷವನ್ನು ಹಿಡಿಯುತ್ತದೆ. ಆದರೆ ಫಲಿತಾಂಶಕ್ಕೆ ಒಂದು ಸಲ, ಚಿಕಿತ್ಸೆಗೆ ಒಂದು ಸಲ ಮತ್ತೆ ಬರಬೇಕು. ಪ್ರತಿ ಸಲವೂ ಐವರಲ್ಲಿ ಒಬ್ಬಳು ಬಾರದೆ ಉಳಿದರೆ 90 ಹೋಗಿ 72, 72 ಹೋಗಿ 57 ಚಿಲ್ಲರೆ. ಎರಡನೆಯದು ಒರಟು ಪರೀಕ್ಷೆ. 65 ಮಂದಿಯನ್ನು ಮಾತ್ರ ಹಿಡಿಯುತ್ತದೆ. ಆದರೆ ಅದೇ ದಿನ, ಅದೇ ಕೋಣೆಯಲ್ಲಿ ಚಿಕಿತ್ಸೆಯೂ ಆಗಿಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಗೆದ್ದದ್ದು ಮೊದಲನೆಯದು. ಊರಿನಲ್ಲಿ ಗೆದ್ದದ್ದು ಎರಡನೆಯದು. ಆ ನಡುವೆ ಕಾಣೆಯಾದವರು ಯಾರು? ಕಳೆ ಕೀಳಲು ಹೋದವರು, ಬಸ್ಸಿಗೆ ಹಣವಿಲ್ಲದವರು, ಗಂಡನಿಗೆ ಹೇಳಲು ನಾಚಿದವರು, ನಮ್ಮ ದೊಡ್ಡಮ್ಮ. ದೂರದ ಅಮೆರಿಕದಲ್ಲಿ ಕುಳಿತು ಲೆಕ್ಕ ಹಾಕಿದವರ ಕಣ್ಣಿಗೆ ಅವರು ಬಿದ್ದಿದ್ದರು. ಮನೆಯಲ್ಲಿದ್ದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಜೀವವನ್ನು ಲೆಕ್ಕಕ್ಕೆ ತರುವುದು ಅಧರ್ಮವೆಂದು ಚಪ್ಪಾಳೆ ಗಿಟ್ಟಿಸಿದ ನನಗೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಆದರೂ ಮಾದರಿಯೇ ವೇದವಾಕ್ಯವಲ್ಲ. ಅದು ಹೇಳುವುದನ್ನು ನೆಲದ ಮೇಲೆ ಒರೆಗೆ ಹಚ್ಚಬೇಕು. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳ ಗಡಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (2023ರಿಂದ ಅದಕ್ಕೆ ಧಾರಾಶಿವ ಎಂದು ಹೆಸರು) 1999ರಿಂದ ಅಂಥ ಒಂದು ದೊಡ್ಡ ಪ್ರಯೋಗ ನಡೆಯಿತು. 30ರಿಂದ 59 ವಯಸ್ಸಿನ 1,31,746 ಮಂದಿ ಹಳ್ಳಿಯ ಹೆಂಗಸರನ್ನು ಊರುಗಳ ಪ್ರಕಾರ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವೈರಸ್ಸಿನ ಪರೀಕ್ಷೆ, ಒಂದಕ್ಕೆ ಪ್ಯಾಪ್ ಪರೀಕ್ಷೆ, ಒಂದಕ್ಕೆ ಹುಳಿಯ ಪರೀಕ್ಷೆ. ನಾಲ್ಕನೆಯ ಗುಂಪಿಗೆ ಎಲ್ಲಿ ಹೋದರೆ ತಪಾಸಣೆ ಸಿಗುವುದೆಂಬ ತಿಳಿವಳಿಕೆ ಮಾತ್ರ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ವೈರಸ್ಸಿನ ಪರೀಕ್ಷೆಯಾದ ಗುಂಪಿನಲ್ಲಿ ಈ ರೋಗದಿಂದ ಸತ್ತವರು 34 ಮಂದಿ. ಸುಮಾರು ಅಷ್ಟೇ ದೊಡ್ಡದಾದ ನಾಲ್ಕನೆಯ ಗುಂಪಿನಲ್ಲಿ 64 ಮಂದಿ. ಒಂದೇ ಸಲದ ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆದರೆ ಮಾದರಿ ಮೆಚ್ಚಿದ್ದ ಹುಳಿಯ ಪರೀಕ್ಷೆ ಇಲ್ಲಿ ಅಂಥ ಫಲ ಕೊಡಲಿಲ್ಲ. ಅದೇ ಪರೀಕ್ಷೆ ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಸಾವನ್ನು ನೂರಕ್ಕೆ 35ರಷ್ಟು ಇಳಿಸಿತ್ತು. ಮುಂಬಯಿಯ ಕೊಳಚೆ ಪ್ರದೇಶಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಎರಡು ವರ್ಷಕ್ಕೊಮ್ಮೆಯಂತೆ ಅದನ್ನು ನಾಲ್ಕು ಸಲ ನಡೆಸಿದಾಗ 31ರಷ್ಟು ಇಳಿಯಿತು. ನೋಡುವ ಕಣ್ಣು, ತರಬೇತಿ, ಎಷ್ಟು ಸಲ ನೋಡಿದರು ಎಂಬುದು, ಇವುಗಳ ಮೇಲೆ ಫಲ ನಿಂತಿದೆಯೆಂದು ತೋರುತ್ತದೆ. ಹೊಸ ಅನುಭವ ಬಂದಂತೆಲ್ಲ ಮಾದರಿಯನ್ನು ತಿದ್ದಬೇಕು. ತಿದ್ದಲೊಲ್ಲದ ಮಾದರಿ ಗಿಳಿಪಾಠವಾಗುತ್ತದೆ.

ಈ ಪ್ರಯೋಗಗಳ ಬಗ್ಗೆ ಆಮೇಲೆ ದೊಡ್ಡ ವಿವಾದವೇ ಎದ್ದಿತು. ಪರೀಕ್ಷೆಯಿಂದ ಪ್ರಯೋಜನವಿದೆಯೆಂದು ಬಲ್ಲವರು ಒಂದು ಗುಂಪನ್ನು ಪರೀಕ್ಷಿಸದೆ ಬಿಟ್ಟದ್ದು ನ್ಯಾಯವೆ ಎಂದು ಕೆಲವರು ಕೇಳಿದರು. ಆ ಹಳ್ಳಿಗಳಲ್ಲಿ ಬೇರೆ ಯಾವ ವ್ಯವಸ್ಥೆಯೂ ಇರಲಿಲ್ಲ, ಯಾವುದು ಫಲಿಸುವುದೆಂದು ತಿಳಿಯಲು ಹೋಲಿಕೆ ಬೇಕಾಗಿತ್ತು ಎಂದು ಮಾಡಿದವರು ಉತ್ತರ ಕೊಟ್ಟರು. ನಾನು ಇದನ್ನು ತೀರ್ಮಾನಿಸಬಲ್ಲವಳಲ್ಲ. ಆದರೆ ಒಂದು ಮಾತು ಖಂಡಿತ. ಆ 64 ಎಂಬ ಅಂಕಿ ಆಕಾಶದಿಂದ ಇಳಿದುದಲ್ಲ. 64 ಮನೆಗಳಿಂದ ಬಂದುದು. ಇಂದು ನಮ್ಮ ದೇಶದ ಲೆಕ್ಕದ ಕೋಷ್ಟಕಗಳಲ್ಲಿ ನಿಂತಿರುವ ಎಷ್ಟೋ ಅಂಕಿಗಳಿಗೆ ಬೆಲೆ ತೆತ್ತವರು ಬಡ ಹೆಂಗಸರು. ಅವರು ಕೊಟ್ಟುಹೋದ ಉತ್ತರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ, ಅದು ಲೆಕ್ಕ ಹಾಕುವುದಕ್ಕಿಂತ ನೂರು ಪಾಲು ದೊಡ್ಡ ಅಧರ್ಮ.

ಲಸಿಕೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. 2009ರಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ ಹುಡುಗಿಯರಿಗೆ ಎಚ್.ಪಿ.ವಿ. ಲಸಿಕೆ ಎರಡು ಸಲ ಸಾಕೆ, ಮೂರು ಸಲ ಬೇಕೆ ಎಂದು ತಿಳಿಯುವ ಪ್ರಯೋಗ ಆರಂಭವಾಯಿತು. ಬೇರೊಂದು ಲಸಿಕಾ ಯೋಜನೆಯಲ್ಲಿ ಹುಡುಗಿಯರ ಮತ್ತು ತಂದೆತಾಯಿಗಳ ಒಪ್ಪಿಗೆಯ ಬಗ್ಗೆ ಆಕ್ಷೇಪಣೆಗಳೆದ್ದುದರಿಂದ 2010ರಲ್ಲಿ ಸರ್ಕಾರ ಇಂಥ ಪ್ರಯೋಗಗಳನ್ನೆಲ್ಲ ನಿಲ್ಲಿಸಿತು. ಸುಮಾರು 5,000 ಹುಡುಗಿಯರಿಗೆ ಒಂದೇ ಸಲ ಲಸಿಕೆ ಬಿದ್ದು ನಿಂತುಹೋಯಿತು. ಅವರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಆ ಒಂದೇ ಸಲದ ಲಸಿಕೆಯೂ ಮುಖ್ಯ ವೈರಸ್ಸುಗಳ ನೆಲೆಯೂರಿದ ಸೋಂಕನ್ನು ನೂರಕ್ಕೆ 95ರಷ್ಟು ತಡೆದಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಸಲದ ಲಸಿಕೆಗೂ ಸಮ್ಮತಿಯಿತ್ತಿತು. ಮೂರು ಸಲದ ಖರ್ಚು ಒಂದು ಸಲಕ್ಕೆ ಇಳಿದರೆ ಲೆಕ್ಕದ ಪುಸ್ತಕವೆಲ್ಲ ಬದಲಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ಅದೇ ವರ್ಷ ಪುಣೆಯ ಸೀರಮ್ ಸಂಸ್ಥೆಯ ‘ಸರ್ವಾವ್ಯಾಕ್’ ಲಸಿಕೆಗೆ ನಮ್ಮ ದೇಶದಲ್ಲಿ ಅನುಮತಿಯೂ ದೊರೆಯಿತು.

ಇನ್ನು ಈ ಶಾಸ್ತ್ರದ ದೋಷಗಳನ್ನೂ ಹೇಳದಿದ್ದರೆ ನಾನು ಒಂದು ಅತಿಯಿಂದ ಇನ್ನೊಂದು ಅತಿಗೆ ಹಾರಿದಂತಾದೀತು. ಮುಂದೆ ಬರುವ ಲಾಭವನ್ನು ವರ್ಷಕ್ಕೆ ನೂರಕ್ಕೆ 3ರಂತೆ ಕಳೆದು ಎಣಿಸುವ ಪದ್ಧತಿ ಇದರಲ್ಲಿ ರೂಢಿಯಾಗಿದೆ. ಸಾಲದ ಬಡ್ಡಿಯನ್ನು ತಿರುಗಿಸಿ ಹಾಕಿದ ಹಾಗೆ. ಹೀಗೆ ಎಣಿಸಿದರೆ 30 ವರ್ಷದ ಮೇಲೆ ಉಳಿಯುವ 100 ವರ್ಷದ ಆಯುಷ್ಯ ಇಂದಿನ ಲೆಕ್ಕದಲ್ಲಿ 41 ವರ್ಷ ಮಾತ್ರ. ಇಂದು ಹನ್ನೆರಡು ವರ್ಷದ ಹುಡುಗಿಗೆ ಹಾಕಿದ ಲಸಿಕೆ ಫಲ ಕೊಡುವುದು ಆಕೆ ನಲವತ್ತು ದಾಟಿದ ಮೇಲೆ. ಆಕೆಯ ನಲವತ್ತನೆಯ ವರ್ಷವನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಎಣಿಸುವುದು ಸರಿಯೆ? ಹಣಕ್ಕೆ ಹೊಂದುವ ನಿಯಮವೆಲ್ಲ ಆಯುಷ್ಯಕ್ಕೂ ಹೊಂದಬೇಕೆಂದೇನಿಲ್ಲ. ಇನ್ನೊಂದು ದೋಷ, ಒಂದು ವರ್ಷದ ಆಯುಷ್ಯಕ್ಕೆ ತಗಲುವ ವೆಚ್ಚ ದೇಶದ ತಲಾ ಉತ್ಪನ್ನಕ್ಕಿಂತ ಕಡಿಮೆಯಿದ್ದರೆ ಅಗ್ಗ, ಮೂರು ಪಟ್ಟು ಮೀರಿದರೆ ದುಬಾರಿ ಎಂದು ಎಳೆದ ಗೆರೆ. ಬಡದೇಶದವಳ ಒಂದು ವರ್ಷಕ್ಕೆ ಕಡಿಮೆ ಬೆಲೆ, ಸಿರಿವಂತ ದೇಶದವಳ ವರ್ಷಕ್ಕೆ ಹೆಚ್ಚು ಬೆಲೆ ಎಂದು ಇದರಿಂದ ಅರ್ಥವಾದೀತು. ಈ ಗೆರೆಯೊಂದನ್ನೇ ನಂಬಿ ತೀರ್ಮಾನಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ ಆಮೇಲೆ ಹೇಳಿದ್ದಾರೆ.

ಎಲ್ಲಕ್ಕಿಂತ ದೊಡ್ಡ ದೋಷ ಬೇರೆಯಿದೆ. ಯಾರ ಖರ್ಚನ್ನು ಬರೆಯುವುದು ಎಂಬುದು. ಸರ್ಕಾರದ ಖರ್ಚು ಮಾತ್ರ ಬರೆದರೆ ಹೆಂಗಸನ್ನು ಮೂರು ಸಲ ಓಡಾಡಿಸುವುದೂ ಅಗ್ಗವಾಗಿಯೇ ಕಾಣಬಹುದು; ಓಡಾಟದ ಖರ್ಚು ಆಕೆಯದು ತಾನೆ! ದೊಡ್ಡಪ್ಪನ ಪುಸ್ತಕದಲ್ಲಿದ್ದ ಬಾಬತ್ತುಗಳೆಲ್ಲ ಸರ್ಕಾರದ ಕಡತದಲ್ಲಿ ಸೊನ್ನೆ. ಆದುದರಿಂದ ಇಂಥ ಯಾವ ವರದಿಯನ್ನು ಓದುವಾಗಲೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು: ಆಕೆಯ ಬಸ್ಸಿನ ಛಾರ್ಜನ್ನು ಇದರಲ್ಲಿ ಬರೆದಿದ್ದಾರೆಯೆ? ಬರೆದಿದ್ದರೆ ಆ ಲೆಕ್ಕ ಬಡವರ ಪಕ್ಷ. ಬರೆಯದಿದ್ದರೆ ಬೊಕ್ಕಸದ ಪಕ್ಷ.

ಲೆಕ್ಕವೆಂದರೆ ಸದಾ ‘ಖರ್ಚು ಮಾಡಿ’ ಎಂದೇ ಹೇಳುವುದಿಲ್ಲ. ‘ಬೇಡ’ ಎನ್ನುವುದೂ ಅದರ ಉಪಕಾರವೆ. ಯುನೈಟೆಡ್ ಕಿಂಗ್‌ಡಮ್ಮಿನಲ್ಲಿ 50ರಿಂದ 74 ವಯಸ್ಸಿನ 2 ಲಕ್ಷಕ್ಕೂ ಮಿಕ್ಕ ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರಿಗಾಗಿ ನಡೆಸಿದ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ಸ್ಪಷ್ಟವಾಯಿತು. ಫಲವಿಲ್ಲದ ಕಡೆ ಸುರಿಯಬಹುದಾಗಿದ್ದ ಹಣ ಫಲವಿರುವ ಕಡೆಗೆ ಉಳಿಯಿತು.

ನಮ್ಮ ದೇಶದ ಸ್ಥಿತಿ ಹೇಗಿದೆ? 2022ರ ಒಂದು ಅಂದಾಜಿನಂತೆ ಗರ್ಭಕಂಠದ ಕ್ಯಾನ್ಸರಿನಿಂದ ಜಗತ್ತಿನಲ್ಲಿ ಸತ್ತವರು ಸುಮಾರು 3,49,000. ಅವರಲ್ಲಿ ಭಾರತದವರು ಸುಮಾರು 80,000. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಲೆಕ್ಕ ಮಾಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಒಂದು ವ್ಯವಸ್ಥೆ ಮಾಡಿತು. 30ರಿಂದ 65 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ ಹುಳಿಯ ಪರೀಕ್ಷೆ ಮಾಡಬೇಕೆಂದು 2016ರಲ್ಲಿಯೇ ಸರ್ಕಾರದ ಮಾರ್ಗಸೂಚಿ ಬಂದಿತ್ತು. ಅದು ಖರ್ಚಿಗೆ ತಕ್ಕ ಫಲ ಕೊಡುವುದೆಂದು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರ ಮಾದರಿ 2020ರಲ್ಲಿ ತೋರಿಸಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಂದು ಸಲವಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 1.9. ಇಬ್ಬರೂ ಇಲ್ಲ! ಲೆಕ್ಕ ಮುಗಿದು ವರ್ಷಗಳಾದವು. ಉತ್ತರ ಹಾಳೆಯ ಮೇಲೆಯೇ ಕುಳಿತಿದೆ.

ಜೀವಕ್ಕೆ ಬೆಲೆ ಕಟ್ಟಬಾರದೆಂದು ಹೇಳುವ ಮಿತ್ರರು ಇದನ್ನು ಯೋಚಿಸಬೇಕು. ನಾವು ಲೆಕ್ಕ ಹಾಕದಿದ್ದರೆ ಲೆಕ್ಕವೇ ಇಲ್ಲವೆಂದಲ್ಲ. ಯಾರಿಗೂ ಕಾಣದಂತೆ ಯಾರೋ ಹಾಕಿರುತ್ತಾರೆ. ದೊಡ್ಡಮ್ಮ ಕಳೆ ಕೀಳುವ ಹೊಲದಲ್ಲಿ ನಿಂತು ತನ್ನ ಜೀವವನ್ನು ಒಂದು ದಿನದ ಕೂಲಿಯೊಡನೆ ತೂಗಿದರು. ಅವರು ಹಾಗೆ ಒಬ್ಬರೇ ತೂಗುವಂತೆ ಬಿಟ್ಟದ್ದು ನಮ್ಮ ತಪ್ಪು. ಆ ತಕ್ಕಡಿಯನ್ನು ಅವರ ಕೈಯಿಂದ ತೆಗೆದು ಸಮಾಜ ಹಿಡಿಯಬೇಕು. ಪರೀಕ್ಷೆ ಊರಿನ ಬಾಗಿಲಿಗೆ ಬರಬೇಕು. ಆದಷ್ಟೂ ಒಂದೇ ದಿನದಲ್ಲಿ ಮುಗಿಯಬೇಕು. ಆ ದಿನದ ಕೂಲಿ ಹೋದರೆ ಅದನ್ನೂ ಖರ್ಚಿನಲ್ಲಿ ಬರೆದು ತುಂಬಿಕೊಡಬೇಕು.

ಅಷ್ಟರವರೆಗೆ ವಿದ್ಯಾರ್ಥಿಗಳಾದ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ನಮ್ಮ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಇದೊಂದು ವಿಷಯವನ್ನೂ ಹೇಳಬಹುದು. ಅದಕ್ಕೂ ಮೊದಲು ನಮ್ಮ ನಮ್ಮ ಮನೆಗಳಿಂದ ಆರಂಭಿಸಬಹುದು. ನಮ್ಮ ತಾಯಂದಿರೆಲ್ಲ ಮೂವತ್ತು ದಾಟಿದವರೇ. ಸಂಕ್ರಾಂತಿಯ ಮಾರನೆಯ ದಿನ ನಾನು ಅಮ್ಮನನ್ನೂ ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದೆ. ಫಲಿತಾಂಶಕ್ಕೆ ಹತ್ತು ದಿನ ಬಿಟ್ಟು ಬನ್ನಿರೆಂದರು. ಅಂದು ತರಗತಿಗೆ ರಜೆ ಹಾಕಿ ಮತ್ತೆ ಕರೆದುಕೊಂಡು ಹೋದೆ. ಮನೆಗೆ ಬಂದ ಮೇಲೆ ದೊಡ್ಡಪ್ಪನ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಯೊಂದರಲ್ಲಿ ಮೂವರ ಎರಡು ಸಲದ ಬಸ್ಸಿನ ಛಾರ್ಜನ್ನು ಬರೆದಿಟ್ಟೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ, ಅರ್ಥಶಾಸ್ತ್ರ ವಿಭಾಗ